ಸನ್ನೆಯೂ ಮಾತೇ, ಚಿತ್ರವೂ ಅಕ್ಷರವೇ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಮಾತೇ ಬಾರದವನ ಗತಿಯೇನು ಎಂಬುದನ್ನು ಮಾತ್ರ ಆ ಗಾದೆ ಹೇಳುವುದಿಲ್ಲ. ಅವನಿಗೆ ನ್ಯಾಯವಾದ ಜಗಳವಾಡುವ ಹಕ್ಕೂ ಇಲ್ಲದಂತಾಗಿದೆ. ಪಡಿತರದ ಅಂಗಡಿಯಲ್ಲಿ ತೂಕ ಕಡಿಮೆಯಾದರೆ ಅವನು ಕೇಳಲಾರ. ಬಸ್ಸಿನಲ್ಲಿ ಚಿಲ್ಲರೆ ಬಾರದಿದ್ದರೆ ಕೇಳಲಾರ. ಆಸ್ಪತ್ರೆಯಲ್ಲಿ ನೋವು ಎಲ್ಲಿದೆಯೆಂದು ಹೇಳಲಾರ. ಕೂಲಿ ಮುರಿದುಕೊಂಡ ಯಜಮಾನನ ಎದುರು ನಿಂತು ಲೆಕ್ಕ ತೋರಿಸೆನ್ನಲಾರ. ಊರು ಅವನಿಗೆ 'ಮೂಗ' ಎಂದೋ 'ಪೆದ್ದ' ಎಂದೋ ಒಂದು ಹೆಸರಿಟ್ಟು, ತನ್ನ ಕರ್ತವ್ಯ ಅಲ್ಲಿಗೆ ಮುಗಿಯಿತೆಂದು ತಿಳಿದು ಸುಮ್ಮನಾಗುತ್ತದೆ.

ಇವರು ಎಲ್ಲೋ ನಾಲ್ಕು ಜನರೆಂದು ಯಾರೂ ಭಾವಿಸಬೇಕಾಗಿಲ್ಲ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಕಿವಿ ಕೇಳದವರು 50 ಲಕ್ಷಕ್ಕೂ ಹೆಚ್ಚು. ಮಾತಿನ ತೊಂದರೆಯುಳ್ಳವರು ಸುಮಾರು 20 ಲಕ್ಷ. ಕರ್ನಾಟಕದಲ್ಲಿ ಎಲ್ಲ ಬಗೆಯ ಅಂಗವಿಕಲರೂ ಸೇರಿ 13 ಲಕ್ಷಕ್ಕೂ ಹೆಚ್ಚು. ಮಿದುಳಿನ ಪಾರ್ಶ್ವವಾಯುವಿನಿಂದ ಕೈಕಾಲು ಬಿಗಿದುಕೊಂಡ ಮಕ್ಕಳು, ಬುದ್ಧಿಯ ಬೆಳವಣಿಗೆ ನಿಧಾನವಾದವರು, ಲಕ್ವ ಹೊಡೆದು ರಾತ್ರಿ ಬೆಳಗಾಗುವುದರೊಳಗೆ ಮಾತು ಕಳೆದುಕೊಂಡ ಹಿರಿಯರು, ಇವರನ್ನೆಲ್ಲ ಸೇರಿಸಿದರೆ ಈ ಸಂಕಟ ಮುಟ್ಟದ ಬೀದಿಯೇ ಇರಲಾರದು. ಇಂದು ಚೆನ್ನಾಗಿ ಮಾತಾಡುವ ನಮ್ಮಲ್ಲಿ ಯಾರ ನಾಲಗೆ ನಾಳೆ ಬೀಳುತ್ತದೆಯೋ ಬಲ್ಲವರಾರು?

ಮಾತಾಡಲಾರದವನಿಗೆ ಹೇಳುವುದೇನೂ ಇಲ್ಲವೆಂದು ತಿಳಿಯುವುದೇ ಇಲ್ಲಿನ ದೊಡ್ಡ ಅನ್ಯಾಯ. ಅವನಿಗೆ ಸನ್ನೆಯೊಂದನ್ನು ಕಲಿಸಿದರೆ, ಚಿತ್ರದ ಹಲಗೆಯೊಂದನ್ನು ಕೈಗೆ ಕೊಟ್ಟರೆ, ಎಷ್ಟೋ ಸಲ ಅವನೂ ಹೇಳುತ್ತಾನೆ, ಬೇಡುತ್ತಾನೆ, ಬೇಡವೆನ್ನುತ್ತಾನೆ, ನಗಿಸುತ್ತಾನೆ. ಇದು ಕನಿಕರದ ಮಾತಲ್ಲ, ಹಕ್ಕಿನ ಮಾತು.

ಚಿಹ್ನೆಯ ಬಲ ಎಷ್ಟೆಂಬುದನ್ನು ಈ ದೇಶ ಹೊಸದಾಗಿ ಕಲಿಯಬೇಕಾಗಿಲ್ಲ. 1951-52ರಲ್ಲಿ ಮೊದಲ ಮಹಾಚುನಾವಣೆ ನಡೆದಾಗ ಮತದಾರರು 17 ಕೋಟಿಗೂ ಹೆಚ್ಚು. ಅವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಓದು ಬರಹ ಬಾರದು. ಓದು ಬಾರದವನಿಗೆ ಮತವೇಕೆ ಎಂದು ಮೂಗು ಮುರಿದ ದೊಡ್ಡ ಮನುಷ್ಯರು ಆಗಲೂ ಇದ್ದರು. ಅವರಿಗೆ ಉತ್ತರವಾಗಿ ಬಂದದ್ದು ಚಿತ್ರ. ಜೋಡೆತ್ತು, ಆಲದ ಮರ, ಗುಡಿಸಲು, ತೆನೆ ಕುಡುಗೋಲು, ಹೀಗೆ ಒಂದೊಂದು ಪಕ್ಷಕ್ಕೆ ಒಂದೊಂದು ಗುರುತು. ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಗುರುತು. ಅಕ್ಷರ ಕಾಣದ ಮುದುಕಿಯೂ ನಡೆದು ಹೋಗಿ ತನಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬಂದಳು. 1962ರಿಂದ ಬೆರಳಿಗೆ ಹಚ್ಚುತ್ತ ಬಂದಿರುವ ಅಳಿಸದ ಮಸಿ ತಯಾರಾಗುವುದು ನಮ್ಮ ಮೈಸೂರಿನ ಕಾರ್ಖಾನೆಯಲ್ಲಿಯೇ. ಆ ಮಸಿಯೂ ಒಂದು ಸಂಕೇತವಲ್ಲದೆ ಇನ್ನೇನು? ಓದಲಾರದವನನ್ನು ಪ್ರಜೆಯನ್ನಾಗಿ ಮಾಡಲು ಚಿತ್ರ ಸಾಕಾಗಿತ್ತು. ನುಡಿಯಲಾರದವನನ್ನು ಪ್ರಜೆಯನ್ನಾಗಿ ಮಾಡಲು ಅದೇ ಚಿತ್ರ ಏಕೆ ಸಾಲದು?

ನಮ್ಮ ದಿನನಿತ್ಯದ ವ್ಯವಹಾರವನ್ನೇ ನೋಡಿ. ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೋದವರು ಬಲ್ಲರು. ಟವೆಲಿನ ಮರೆಯಲ್ಲಿ ಬೆರಳು ಹಿಡಿದು, ತುಟಿ ಪಿಟಕ್ಕೆನ್ನದೆ, ಒಂದು ಜೊತೆ ಎತ್ತಿನ ವ್ಯಾಪಾರ ಕುದುರುವುದುಂಟು. ಗಿರಣಿಯಲ್ಲಿ ದುಡಿದವರಿಗಂತೂ ಇದನ್ನು ಹೇಳಬೇಕಾಗಿಯೇ ಇಲ್ಲ. ಮಗ್ಗಗಳ ಆರ್ಭಟದ ನಡುವೆ ಬಾಯಿಮಾತು ಯಾರಿಗೆ ಕೇಳುತ್ತದೆ? ಎಳೆ ಕಡಿದಿದೆ, ಮೇಸ್ತ್ರಿ ಬರುತ್ತಿದ್ದಾನೆ, ಚಹಾಕ್ಕೆ ಹೋಗೋಣ, ಎಲ್ಲವೂ ಕೈಸನ್ನೆಯಲ್ಲಿ, ಕಣ್ಣಸನ್ನೆಯಲ್ಲಿ. ಕಾಕನಕೋಟೆಯ ಕಾಡಿನ ಕಡೆ ನೋಡಿದರೆ, 1971ರ ಕೊನೆಯ ಖೆಡ್ಡಾದವರೆಗೂ ಅಲ್ಲಿ ಹಿಡಿದ ಕಾಡಾನೆಗಳನ್ನು ಪಳಗಿಸಿದವರು ಕಿವಿಯ ಹಿಂದೆ ಕಾಲಿನ ಹೆಬ್ಬೆರಳೊತ್ತಿ ನಡೆ, ನಿಲ್ಲು, ತಿರುಗು ಎಂದು ತಿಳಿಸುವ ಭಾಷೆಯನ್ನು ಬಲ್ಲವರು. ಕಾಡಿನ ಆನೆಗೆ ಹೆಬ್ಬೆರಳಿನ ಭಾಷೆ ಕಲಿಸಿದ ನಾಡು ಪಕ್ಕದ ಮನೆಯ ಮಗುವಿಗಾಗಿ ಹತ್ತು ಸನ್ನೆ ಕಲಿಯಲಾರದೆಂದರೆ ನಂಬುವುದು ಹೇಗೆ?

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಕಿವುಡರ ಸನ್ನೆ ಭಾಷೆ ಹರಕು ಮುರುಕು ಕೈಯಾಟವಲ್ಲ. ಅದಕ್ಕೆ ತನ್ನದೇ ವ್ಯಾಕರಣವಿದೆ, ಪದಸಂಪತ್ತಿದೆ. ಅದರಲ್ಲಿ ಪ್ರೀತಿಯನ್ನೂ ಹೇಳಬಹುದು, ರಾಜಕೀಯವನ್ನೂ ಚರ್ಚಿಸಬಹುದು. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿಗೆಂದೇ ಒಂದು ಕೇಂದ್ರವನ್ನು ಸ್ಥಾಪಿಸಲಾಯಿತು. ಅದು 2018ರಲ್ಲಿ 3,000 ಪದಗಳ ನಿಘಂಟನ್ನು ಹೊರತಂದು, 2021ರ ಹೊತ್ತಿಗೆ ಅದನ್ನು 10,000 ಪದಗಳಿಗೆ ಬೆಳೆಸಿತು.

ಎರಡನೆಯದು, ಕಿವಿ ಕೇಳಿದರೂ ಮಾತು ಹೊರಡದವರಿಗಾಗಿ ಇರುವ ಸಹಾಯ. ಇಂಗ್ಲೆಂಡಿನಲ್ಲಿ 1970ರ ದಶಕದಲ್ಲಿ ಮಾರ್ಗರೆಟ್ ವಾಕರ್ ಎಂಬ ವಾಕ್‌ಚಿಕಿತ್ಸಕಿ ರೂಪಿಸಿದ ಮಕಾಟನ್ ಪದ್ಧತಿಯಲ್ಲಿ ಮಾತಾಡುತ್ತಲೇ ಮುಖ್ಯವಾದ ಪದಗಳಿಗೆ ಮಾತ್ರ ಕೈಸನ್ನೆ ಮಾಡುತ್ತಾರೆ, ಜೊತೆಗೆ ಸರಳ ಚಿತ್ರಗಳನ್ನು ತೋರಿಸುತ್ತಾರೆ. ಕೆನಡಾದ ಟೊರಾಂಟೊದಲ್ಲಿ 1971ರಲ್ಲಿ ಕೈಕಾಲು ಸ್ವಾಧೀನವಿಲ್ಲದ ಮಕ್ಕಳಿಗೆ ಚಾರ್ಲ್ಸ್ ಬ್ಲಿಸ್ ಎಂಬಾತ ಕಲ್ಪಿಸಿದ ಚಿಹ್ನೆಗಳ ಹಲಗೆಯನ್ನು ಕೊಟ್ಟು ನೋಡಿದರು. ಏನೂ ತಿಳಿಯದೆಂದು ಎಣಿಸಿದ್ದ ಮಕ್ಕಳು ವಾಕ್ಯ ಕಟ್ಟತೊಡಗಿದರು.

ಇದಕ್ಕೆಲ್ಲ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಒಂದು ರಟ್ಟಿನ ಮೇಲೆ ಹನ್ನೆರಡು ಚಿತ್ರ: ನೀರು, ಊಟ, ನೋವು, ಔಷಧಿ, ಶೌಚ, ನಿದ್ದೆ, ಮನೆ, ಇನ್ನೂ ಬೇಕು, ಸಾಕು, ಹೌದು, ಅಲ್ಲ, ಇವರನ್ನು ಕರೆಯಿರಿ. ಬೆರಳು ಆಡುವವನು ಬೆರಳಿಟ್ಟು ತೋರಿಸುತ್ತಾನೆ. ಬೆರಳೂ ಆಡದಿದ್ದರೆ ಬೇರೆಯವರು ಒಂದೊಂದೇ ಚಿತ್ರದ ಮೇಲೆ ಕೈಯಿಡುತ್ತ ಹೋಗಬೇಕು. ಬೇಕಾದದ್ದು ಬಂದಾಗ ಅವನು ರೆಪ್ಪೆ ಮಿಟುಕಿಸುತ್ತಾನೆ. ಲಕ್ವ ಹೊಡೆದು ಮಾತು ಹೋದ ತಂದೆಯೊಡನೆ ಮನೆಯವರು ಇಷ್ಟರಿಂದಲೇ ಸಂಭಾಷಣೆ ಆರಂಭಿಸಬಹುದು. ಇದರ ಖರ್ಚು ಒಂದು ಸಿನಿಮಾ ಟಿಕೆಟಿನಷ್ಟೂ ಆಗದು.

ಸನ್ನೆ ಕಲಿಸಿದರೆ ಮಗು ಮಾತಾಡುವುದನ್ನೇ ಬಿಟ್ಟೀತು ಎಂಬ ಭಯ ಅನೇಕ ತಾಯ್ತಂದೆಯರಲ್ಲಿದೆ. ಈ ಭಯ ಹಳೆಯದು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ, ಶಾಲೆಗಳಲ್ಲಿ ಬಾಯಿಮಾತನ್ನೇ ಕಲಿಸಬೇಕು, ಸನ್ನೆ ಕೂಡದು ಎಂದು ನಿರ್ಣಯ ಮಾಡಿತು. ಅಲ್ಲಿಂದ ಮುಂದೆ ಎಷ್ಟೋ ದೇಶಗಳಲ್ಲಿ ಸನ್ನೆ ಮಾಡಿದ ಮಕ್ಕಳ ಕೈಗೆ ಪೆಟ್ಟು ಬಿತ್ತು. ಆ ನಿರ್ಣಯವನ್ನು ಅದೇ ಸಮ್ಮೇಳನ ಅಧಿಕೃತವಾಗಿ ತಳ್ಳಿಹಾಕಿದ್ದು 2010ರಲ್ಲಿ, 130 ವರ್ಷಗಳ ಮೇಲೆ. ಸನ್ನೆ ಮತ್ತು ಚಿತ್ರಗಳಿಂದ ಮಾತಿನ ಬೆಳವಣಿಗೆ ಕುಂದುವುದಿಲ್ಲ, ಕೆಲವು ಮಕ್ಕಳಲ್ಲಿ ಮಾತು ಹೆಚ್ಚುತ್ತದೆ ಎಂಬುದು ಇಂದಿನ ತಜ್ಞರು ಕಂಡುಕೊಂಡಿರುವ ವಿಷಯ. ಊರುಗೋಲು ಕೊಟ್ಟರೆ ಕುಂಟ ನಡೆಯುವುದನ್ನು ಮರೆತಾನು ಎಂದು ಯಾರಾದರೂ ಹೇಳುತ್ತಾರೆಯೇ?

ಊರೇ ಕಲಿತರೆ ಏನಾಗುತ್ತದೆಂಬುದಕ್ಕೂ ನಿದರ್ಶನವಿದೆ. ಅಮೆರಿಕದ ಮಾರ್ಥಾಸ್ ವಿನ್ಯಾರ್ಡ್ ಎಂಬ ದ್ವೀಪದಲ್ಲಿ ಹುಟ್ಟುಕಿವುಡರು ಹೆಚ್ಚಾಗಿದ್ದ ಕಾಲಕ್ಕೆ ಕಿವಿ ಕೇಳುವವರೂ ಸನ್ನೆ ಭಾಷೆ ಬಲ್ಲವರಾಗಿದ್ದರು; ಅಲ್ಲಿ ಕಿವುಡನೂ ಮೀನು ಹಿಡಿದ, ವ್ಯಾಪಾರ ಮಾಡಿದ, ಊರಿನ ಸಭೆಯಲ್ಲಿ ಕುಳಿತ. ಅಷ್ಟು ದೂರ ಹೋಗುವುದೇಕೆ? ನಮ್ಮದೇ ರಾಜ್ಯದ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ನೂರಕ್ಕೂ ಹೆಚ್ಚು ಮಂದಿ ಕಿವುಡರಿದ್ದು, ಆ ಊರಿನದೇ ಒಂದು ಸನ್ನೆ ಭಾಷೆ ತಾನಾಗಿ ಬೆಳೆದಿದೆ. ಕಿವಿ ಕೇಳುವ ಸಾವಿರಾರು ಜನರೂ ಅದನ್ನು ಬಳಸುತ್ತಾರೆ. ಭಾಷಾವಿಜ್ಞಾನಿಗಳು ಅಲ್ಲಿಗೆ ಬಂದು ಅದನ್ನು ಅಭ್ಯಾಸ ಮಾಡಿದ್ದಾರೆ. ಕಿವುಡುತನ ಒಬ್ಬನ ಕಿವಿಯಲ್ಲಿರುತ್ತದೆ. ಅವನು ಒಂಟಿಯಾಗುವುದೋ ಬಿಡುವುದೋ ಊರಿನ ಕೈಯಲ್ಲಿರುತ್ತದೆ.

ನಮ್ಮ ಜಿಲ್ಲೆಯಂತೂ ಈ ವಿಷಯದಲ್ಲಿ ಹಿಂದುಳಿಯಲು ಯಾವ ನೆಪವೂ ಇಲ್ಲ. ಮೈಸೂರಿನಲ್ಲಿ 1901ರಷ್ಟು ಹಿಂದೆಯೇ ಕಿವುಡ ಮತ್ತು ಕುರುಡ ಮಕ್ಕಳಿಗಾಗಿ ಶಾಲೆ ಆರಂಭವಾಯಿತು. 1965ರಲ್ಲಿ ಮೊಳೆತು 1966ರಲ್ಲಿ ಸ್ವಾಯತ್ತ ಸಂಸ್ಥೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ಮಾತು ಮತ್ತು ಕಿವಿಯ ತೊಂದರೆಗಳಿಗೆ ದೇಶದ ಮೂಲೆ ಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಸನ್ನೆ, ಚಿತ್ರ, ಉಪಕರಣಗಳ ಮೂಲಕ ಮಾತಿಗೆ ಬದಲಿ ದಾರಿ ಕಲಿಸುವ ಘಟಕವೂ ಅಲ್ಲಿದೆ. ಆದರೆ ಮನೆಯ ಬಾಗಿಲಲ್ಲಿ ಹೊಳೆಯಿದ್ದರೂ ಬಿಂದಿಗೆಯಿಲ್ಲದವನಿಗೆ ಬಾಯಾರಿಕೆ ತಪ್ಪದು. ಕಾಕನಕೋಟೆಯ ಕಾಡಂಚಿನ ಹಾಡಿಯಿಂದ ಒಬ್ಬ ಕೂಲಿ ಹೆಂಗಸು ಮಗುವನ್ನೆತ್ತಿಕೊಂಡು ಅಲ್ಲಿಗೆ ಬರಬೇಕಾದರೆ 60 ಕಿಲೋಮೀಟರಿಗೂ ಮೇಲ್ಪಟ್ಟ ದಾರಿ, ಆ ದಿನದ ಕೂಲಿಯ ನಷ್ಟ. ಒಂದು ಸಲ ಬಂದಾಳು, ಎರಡು ಸಲ ಬಂದಾಳು. ಮಾತು ಕಲಿಯುವುದೋ ವರ್ಷಗಟ್ಟಲೆಯ ಕೆಲಸ. ಆದ್ದರಿಂದ ವಿದ್ಯೆ ಅವಳಿದ್ದಲ್ಲಿಗೆ ಹೋಗಬೇಕೇ ಹೊರತು ಅವಳೇ ವಿದ್ಯೆಯಿದ್ದಲ್ಲಿಗೆ ಅಲೆಯುವಂತಾಗಬಾರದು.

ಕಾನೂನಿನ ಕೊರತೆಯೂ ಇಲ್ಲ. 1872ರ ಸಾಕ್ಷ್ಯ ಕಾಯಿದೆಯೇ, ಮಾತಾಡಲಾರದ ಸಾಕ್ಷಿ ನ್ಯಾಯಾಲಯದಲ್ಲಿ ಸನ್ನೆಯಿಂದ ಹೇಳಿದ್ದನ್ನು ಬಾಯಿಮಾತಿನ ಸಾಕ್ಷ್ಯವೆಂದೇ ಎಣಿಸಿತ್ತು. 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನಿನಲ್ಲೂ ಆ ಮಾತು ಉಳಿದಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯಂತೂ ಸಂವಹನವೆಂದರೆ ಬಾಯಿಮಾತಷ್ಟೇ ಅಲ್ಲ, ಸನ್ನೆ ಭಾಷೆ, ಚಿಹ್ನೆ, ಬ್ರೈಲ್, ದೊಡ್ಡ ಅಕ್ಷರ, ಸರಳ ಭಾಷೆ ಎಲ್ಲವೂ ಅದರಲ್ಲಿ ಸೇರಿದೆಯೆಂದು ಸ್ಪಷ್ಟವಾಗಿ ಹೇಳಿದೆ. ಕಾಯಿದೆ ಪುಸ್ತಕದಲ್ಲಿದೆ. ಅದು ತಾಲ್ಲೂಕು ಕಛೇರಿಯ ಗೋಡೆಯ ಮೇಲೆ, ಆಸ್ಪತ್ರೆಯ ಮೇಜಿನ ಮೇಲೆ, ಪೊಲೀಸ್ ಠಾಣೆಯ ಬಾಗಿಲಲ್ಲಿ ಕಾಣುತ್ತಿದೆಯೇ ಎಂದು ಓದುಗರು ತಮ್ಮ ತಮ್ಮ ಊರುಗಳಲ್ಲಿ ಕಣ್ಣಾರೆ ನೋಡಲಿ.

ಕಾರ್ಮಿಕ ಬಂಧುಗಳಿಗೆ ಇಲ್ಲಿ ಇನ್ನೊಂದು ಮಾತು ಹೇಳಬೇಕಾಗಿದೆ. ಯಂತ್ರದ ಸದ್ದಿನಲ್ಲಿ ವರ್ಷಗಟ್ಟಲೆ ನಿಂತವನ ಕಿವಿ ಮೆಲ್ಲಮೆಲ್ಲನೆ ಸಾಯುತ್ತದೆ. ಸತ್ತ ಕಿವಿಯ ನರ ಮತ್ತೆ ಚಿಗುರುವುದಿಲ್ಲ. ಸದ್ದಿನಿಂದಾಗುವ ಕಿವುಡನ್ನು 1948ರ ಕಾರ್ಖಾನೆ ಕಾಯಿದೆಯ ಅನುಸೂಚಿಯಲ್ಲಿಯೇ ಔದ್ಯೋಗಿಕ ರೋಗಗಳ ಸಾಲಿಗೆ ಸೇರಿಸಲಾಗಿತ್ತು. ಹೀಗಿದ್ದರೂ ಕಿವಿ ಮಂದವಾದ ಕಾರ್ಮಿಕ ಅದನ್ನು ಮುಚ್ಚಿಟ್ಟುಕೊಳ್ಳುತ್ತಾನೆ. ಕೆಲಸ ಹೋದೀತೆಂಬ ಹೆದರಿಕೆ, ಜೊತೆಯವರು ನಕ್ಕಾರೆಂಬ ನಾಚಿಕೆ. ಸಂಬಳ, ಬೋನಸ್ಸಿನ ಬೇಡಿಕೆಗಳ ಜೊತೆಯಲ್ಲಿಯೇ ವರ್ಷಕ್ಕೊಮ್ಮೆ ಕಿವಿಯ ತಪಾಸಣೆ, ಕಿವಿಗೆ ರಕ್ಷಣೆ, ಅಪಾಯ ತಿಳಿಸಲು ಗಂಟೆಯ ಜೊತೆಗೆ ಕೆಂಪು ದೀಪ ಇವುಗಳನ್ನೂ ಸಂಘಗಳು ಬೇಡಿಕೆಯ ಪಟ್ಟಿಗೆ ಸೇರಿಸಬೇಕು. ಸಂಘದ ಸಭೆಯಲ್ಲಿ ಕಿವುಡ ಸಂಗಾತಿಗೆ ಮುಂದಿನ ಸಾಲು ಸಿಗಬೇಕು. ನಿರ್ಣಯಗಳನ್ನು ಹಲಗೆಯ ಮೇಲೆ ಬರೆಯಬೇಕು.

ವರ್ತಕ ಮಿತ್ರರಿಂದ ನಾವು ಕೇಳುವುದು ದಾನವಲ್ಲ. ಸಾಮಾನಿನ ಚಿತ್ರ ಮತ್ತು ಬೆಲೆಯ ಅಂಕಿಯಿರುವ ಒಂದು ಹಲಗೆಯನ್ನು ಅಂಗಡಿಯ ಮುಂದೆ ಇಡಿ. ಕಿವುಡ ಗಿರಾಕಿ ಬಂದರೆ ಕೂಗಬೇಡಿ. ಬೆಳಕಿಗೆ ಮುಖ ಕೊಟ್ಟು, ಬಾಯಿಗೆ ಕೈ ಅಡ್ಡ ಹಿಡಿಯದೆ, ನಿಧಾನವಾಗಿ ಮಾತಾಡಿ. ಮೊತ್ತವನ್ನು ಚೀಟಿಯ ಮೇಲೆ ಬರೆದು ತೋರಿಸಿ. ಮಾತು ತೊದಲುವವನ ವಾಕ್ಯವನ್ನು ನೀವೇ ಮುಗಿಸಲು ಹೋಗಬೇಡಿ, ಒಂದು ಗಳಿಗೆ ಕಾಯಿರಿ. ಜೊತೆಯಲ್ಲಿ ಬಂದವನನ್ನು 'ಇವನಿಗೇನು ಬೇಕಂತೆ?' ಎಂದು ಕೇಳಬೇಡಿ, ಅವನನ್ನೇ ಕೇಳಿ. ಚಿತ್ರದ ಹಲಗೆ ಅಕ್ಷರ ಬಾರದ ಹಾಡಿಯವರಿಗೂ, ಕನ್ನಡ ಬಾರದೆ ದುಡಿಯಲು ಬಂದ ಹೊರನಾಡ ಕೂಲಿಗೂ ಅನುಕೂಲವಾಗುತ್ತದೆ. ಮೆಕ್ಸಿಕೊ ನಗರದಲ್ಲಿ 1969ರಲ್ಲಿ ನೆಲದಡಿಯ ರೈಲು ಆರಂಭವಾದಾಗ, ಓದು ಬಾರದವರೂ ದಾರಿ ತಪ್ಪದಿರಲೆಂದು ಒಂದೊಂದು ನಿಲ್ದಾಣಕ್ಕೂ ಒಂದೊಂದು ಚಿತ್ರ ಕೊಟ್ಟರು. ಓದು ಬಲ್ಲವರಿಗೂ ಅದರಿಂದ ಅನುಕೂಲವೇ ಆಯಿತು.

ಸರ್ಕಾರದ ಮುಂದೆ ನಾವಿಡುವ ಬೇಡಿಕೆಗಳು ಇಷ್ಟು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕೂ ಕಡೆ ತಾಲ್ಲೂಕು ಆಸ್ಪತ್ರೆಯಲ್ಲಿ ವಾರದಲ್ಲಿ ಗೊತ್ತಾದ ದಿನ ವಾಕ್ ಶ್ರವಣ ತಜ್ಞರು ಕೂರಬೇಕು. ಹುಟ್ಟಿದ ಪ್ರತಿಯೊಂದು ಮಗುವಿನ ಕಿವಿಯ ಪರೀಕ್ಷೆಯಾಗಬೇಕು. ಅಂಗನವಾಡಿ ಕಾರ್ಯಕರ್ತೆಯರಿಗೂ ಆಶ್ರಮ ಶಾಲೆಯ ಉಪಾಧ್ಯಾಯರಿಗೂ ಐವತ್ತು ಸನ್ನೆಗಳನ್ನಾದರೂ ಕಲಿಸಬೇಕು. ಹಾಗೆ ಕಲಿಸುವ ಕೆಲಸವನ್ನು ಕಿವುಡರಿಗೇ ಸಂಬಳ ಕೊಟ್ಟು ಒಪ್ಪಿಸಬೇಕು. ಆಸ್ಪತ್ರೆ, ಬಸ್ ನಿಲ್ದಾಣ, ಪಡಿತರದ ಅಂಗಡಿ, ಪೊಲೀಸ್ ಠಾಣೆಗಳಲ್ಲಿ ಚಿತ್ರದ ಹಲಗೆಯಿರಬೇಕು. ಹಲಗೆಯನ್ನು ಗೋಡೆಗೆ ತಗುಲಿಸಿ ಫೋಟೋ ತೆಗೆಸಿಕೊಂಡರೆ ಸಾಲದು, ಅದನ್ನು ಬಳಸಬಲ್ಲ ಮನುಷ್ಯ ಅಲ್ಲಿ ಕುಳಿತಿರಬೇಕು.

ಹಣವಿಲ್ಲ ಎಂಬ ಉತ್ತರ ಬರುತ್ತದೆಂದು ನಮಗೆ ಗೊತ್ತು. ರಟ್ಟಿಗೂ ಬಣ್ಣಕ್ಕೂ ಹಣವಿಲ್ಲದ ಸರ್ಕಾರ ಜಾಹೀರಾತಿಗೆ ಎಲ್ಲಿಂದ ಹಣ ತರುತ್ತದೆಂದು ಜನ ಕೇಳಬೇಕಾಗಿದೆ. ಚುನಾವಣೆ ಬಂದಾಗ ಅತಿ ದೂರದ ಹಾಡಿಗೂ ಪಕ್ಷಗಳ ಗುರುತಿನ ಚಿತ್ರ ತಲುಪುತ್ತದೆ. ಮಿಕ್ಕ ದಿನಗಳಲ್ಲಿ ನೀರಿನ ಚಿತ್ರ, ನೋವಿನ ಚಿತ್ರ, 'ನನಗೆ ಅನ್ಯಾಯವಾಗಿದೆ' ಎಂಬ ಚಿತ್ರ ತಲುಪುವುದಿಲ್ಲವೆಂದರೆ ಅದು ಬಡತನವಲ್ಲ, ಉದಾಸೀನ. ಗಟ್ಟಿಯಾಗಿ ಕೂಗಬಲ್ಲವರೇ ಕೂಗಿ ಕೂಗಿ ಹಕ್ಕು ಪಡೆಯಬೇಕಾಗಿರುವ ಈ ಕಾಲದಲ್ಲಿ, ಕೂಗಲಾರದವರ ಪಾಲಿನ ಕೂಗನ್ನೂ ನಾವೇ ಹಾಕಬೇಕು. ಅವರು ತಮ್ಮ ಮಾತನ್ನು ತಾವೇ ಆಡುವ ಸಾಧನ ಅವರ ಕೈ ಸೇರುವವರೆಗೆ ಆ ಕೂಗು ನಿಲ್ಲಬಾರದು.