ಉದ್ದ ಬೆಳೆದ ಸಸಿಯೇ ಗೆದ್ದಿತೇ?

ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಮಗ ಮೂರು ಲೋಟಗಳಿಗೆ ಮಣ್ಣು ತುಂಬಿ ತಲಾ ಹತ್ತು ಹೆಸರುಕಾಳು ಹಾಕಿದ್ದ. ಒಂದು ಲೋಟ ಕಿಟಕಿಯಲ್ಲಿ, ಒಂದು ಕಪಾಟಿನ ಕತ್ತಲಲ್ಲಿ. ಮೂರನೆಯದು ಚಪ್ಪಲಿ ಡಬ್ಬಿಯೊಳಗೆ. ಡಬ್ಬಿಯ ಪಕ್ಕಕ್ಕೊಂದು ತೂತು. ಮೂರಕ್ಕೂ ದಿನಾ ಎರಡೆರಡು ಚಮಚ ನೀರು.

ಎಂಟನೇ ದಿನ ಸ್ಕೇಲು ಹಿಡಿದು ಅಳೆದವನು ಕುಣಿದಾಡಿಬಿಟ್ಟ. “ಅಮ್ಮಾ, ಕಪಾಟಿಂದೇ ಫಸ್ಟ್! ಗಿಡಕ್ಕೆ ಬೆಳಕೇ ಬೇಕಿಲ್ಲ!” ಕಿಟಕಿಯದು 11 ಸೆಂ.ಮೀ., ಕಪಾಟಿನದು 19. ಆದರೆ ಬಣ್ಣ ಬಿಳಿಚಿದ ಹಳದಿ, ಎಲೆ ಪುಟಾಣಿ. ಲೋಟ ಎತ್ತಿದರೆ ಸಾಕು, ಸಸಿಗಳೆಲ್ಲ ವಾಲಿದವು.

ನಮ್ಮತ್ತೆ ನಕ್ಕರು. “ದಸರಾದಾಗ ಘಟದ ಸಸಿ ನೋಡಿಲ್ಲೇನೋ? ದೇವರ ಕೋಣೆಯಾಗ ಬೆಳೆದಿದ್ದು ಹಿಂಗೇ ಹಳದಿ ಇರ್ತಾವೆ. ಮುಡಿಯಾಕೆ ಚೆಂದ, ಹೊಲದಾಗ ನಾಟಿದ್ರೆ ನಿಲ್ಲಂಗಿಲ್ಲ.”

ಹೆಸರುಕಾಳು ಮೊಳೆಯೋಕೆ ಬೆಳಕು ಬೇಡ. ಬಟ್ಟೆಯಲ್ಲಿ ಕಟ್ಟಿಟ್ಟರೂ ಮೊಳೆಯುತ್ತಲ್ಲ. ತಾಯಿಗಿಡ ಕಟ್ಟಿಕೊಟ್ಟ ಬುತ್ತಿ ಕಾಳಿನೊಳಗೇ ಇರುತ್ತದೆ. ಮೊಳೆತ ಮೇಲೂ ಕತ್ತಲೇ ಇದ್ದರೆ, ಸಸಿ ಇನ್ನೂ ಮಣ್ಣೊಳಗೇ ಇರುವಂತೆ ನಡೆದುಕೊಳ್ಳುತ್ತದೆ. ಎಲೆಗೆ, ಪತ್ರಹರಿತ್ತಿಗೆ ಖರ್ಚು ಮಾಡದೆ ಬುತ್ತಿಯನ್ನೆಲ್ಲ ಕಾಂಡಕ್ಕೆ ಸುರಿದು ಬೆಳಕು ಹುಡುಕುತ್ತಾ ಉದ್ದವಾಗುತ್ತದೆ. ಬುತ್ತಿ ತೀರಿದರೆ ಕಥೆ ಮುಗಿಯಿತು.

ಡಬ್ಬಿಯ ಸಸಿಗಳೋ, ಎಲ್ಲವೂ ತೂತಿನ ಕಡೆಗೇ ಬಾಗಿದ್ದವು. ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆಯ ತುದಿಗೆ ಟೊಪ್ಪಿಗೆ ಹಾಕಿ ಇದನ್ನೇ ಪರೀಕ್ಷಿಸಿದ್ದರು. ತುದಿ ಮುಚ್ಚಿದರೆ ಮೊಳಕೆ ಬಾಗಲಿಲ್ಲ ಎಂದು 1880ರ ಪುಸ್ತಕದಲ್ಲಿ ಬರೆದರು. ತುದಿಯಿಂದ ಇಳಿಯುವ ಆಕ್ಸಿನ್ ಎಂಬ ಹಾರ್ಮೋನು ನೆರಳಿನ ಬದಿಗೆ ಸರಿದು ಆ ಬದಿಯನ್ನು ಹೆಚ್ಚು ಉದ್ದ ಮಾಡುತ್ತದೆ, ಅದಕ್ಕೇ ಸಸಿ ಬೆಳಕಿನತ್ತ ಬಾಗುತ್ತದೆ ಎಂಬುದು ಆಮೇಲೆ ತಿಳಿಯಿತು.

ಇದನ್ನೆಲ್ಲ ನೋಡುವಾಗ ನನಗೆ ನೆನಪಾದದ್ದು ಕಂಪ್ಲಿಯ ನಮ್ಮಣ್ಣ. ಹೋದ ವರ್ಷ ನರ್ಸರಿಯೊಂದರಿಂದ “ಎತ್ತರ ಇದಾವೆ” ಅಂತ ಆರಿಸಿ ಆರಿಸಿ ಮೆಣಸಿನ ಸಸಿ ತಂದಿದ್ದ. ಶೇಡ್ ನೆಟ್ ಕೆಳಗೆ ಒತ್ತೊತ್ತಾಗಿ ನಿಂತು, ಬೆಳಕು ಸಾಲದೆ ಉದ್ದವಾದ ಸಸಿಗಳವು. ನಾಟಿದ ಮೂರನೇ ದಿನಕ್ಕೆ ಗಾಳಿ-ಬಿಸಿಲಿಗೆ ಅರ್ಧಕ್ಕರ್ಧ ಮಲಗಿದವು. ಮತ್ತೆ ಸಸಿ, ಮತ್ತೆ ಆಳಿನ ಕೂಲಿ. ದುಡ್ಡಿಗಿಂತ ಹೆಚ್ಚಾಗಿ, ಹದ ತಪ್ಪಿತಲ್ಲ ಅನ್ನೋ ಕೊರಗು ಅವನಿಗೆ.

ಅದಕ್ಕೇ ಹೇಳ್ತೀನಿ, ಸಸಿ ಕೊಳ್ಳುವಾಗ ಎತ್ತರಕ್ಕೆ ಮರುಳಾಗಬೇಡಿ. ಗಿಡ್ಡಗಿದ್ದರೂ ಕಾಂಡ ದಪ್ಪಗಿರಲಿ, ಎಲೆ ಹಸಿರಾಗಿರಲಿ. ನಾಟಿಗೆ ವಾರ ಮುಂಚೆಯೇ ಬಿಸಿಲಿಗೆ ರೂಢಿ ಮಾಡಿಸಿದ್ದಾರಾ ಅಂತ ಕೇಳಿ. ಮನೆಯಲ್ಲಿ ಟೊಮೆಟೊ, ಬದನೆ ಬೀಜ ಹಾಕಿದವರು ಮೊಳಕೆ ಕಂಡ ಕೂಡಲೇ ಬೆಳಕಿಗಿಡಿ. ಕಿಟಕಿಯಲ್ಲಾದರೆ ಕುಂಡವನ್ನು ದಿನಾ ತಿರುಗಿಸಿ. ನಮ್ಮ ಹೊಸಪೇಟೆ ಬಿಸಿಲು ಗೊತ್ತೇ ಇದೆಯಲ್ಲ, ಮೊದಲು ಬೆಳಗಿನ ಎಳೆಬಿಸಿಲು ಸಾಕು.

ಕಪಾಟಿನ ಲೋಟವೂ ಈಗ ಕಿಟಕಿಗೆ ಬಂದಿದೆ. ಮೂರು ದಿನದಲ್ಲಿ ಎಲೆ ಹಸಿರಾಯಿತು, ಕಾಂಡ ಮಾತ್ರ ಕಡ್ಡಿಯ ಆಸರೆಯಲ್ಲೇ ನಿಂತಿದೆ. ಮಗ ತನ್ನ ಚಾರ್ಟಿನಲ್ಲಿ ‘ಎತ್ತರ’ದ ಪಕ್ಕ ಇನ್ನೆರಡು ಕಾಲಂ ಗೀಚಿದ್ದಾನೆ: ‘ಎಲೆಯ ಬಣ್ಣ’, ‘ಕಾಂಡದ ದಪ್ಪ’.