ಯಾವ ಬಗೆಯ ಮಧುಮೇಹ?

ಸಕ್ಕರೆ ಕಾಯಿಲೆಯ ಮಾತು ಈಗ ನಮ್ಮಲ್ಲಿ ಮಳೆ ಬೆಳೆಯ ಮಾತಿನಷ್ಟೇ ಸಾಮಾನ್ಯವಾಗಿಬಿಟ್ಟಿದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ನಮ್ಮ ದೇಶದ ಮಧುಮೇಹಿಗಳ ಸಂಖ್ಯೆಯನ್ನು ಸುಮಾರು 10 ಕೋಟಿಯೆಂದು ಲೆಕ್ಕ ಹಾಕಿತು. ಇಬ್ಬರು ಮಧುಮೇಹಿಗಳು ಬಸ್ ನಿಲ್ದಾಣದಲ್ಲಿ ಸಂಧಿಸಿದರೆ ಮೊದಲ ಪ್ರಶ್ನೆ 'ನಿಮಗೆಷ್ಟಿದೆ?' ಎಂಬುದು. 'ನಿಮ್ಮದು ಯಾವುದು?' ಎಂದು ಕೇಳಿದವರನ್ನು ನಾನು ಕಾಣೆ. ಈ ಎರಡನೆಯ ಪ್ರಶ್ನೆಗೂ ಬೆಲೆಯುಂಟೆಂದು ಹೇಳುವುದಕ್ಕಾಗಿಯೇ ಈ ಲೇಖನ. ಇತಿಹಾಸ ಓದುವ ಹುಡುಗನಿಗೆ ವೈದ್ಯದ ಗೊಡವೆ ಏಕೆಂದು ಗುರುಗಳು ನಗಬಹುದು. ಮನೆಯಲ್ಲಿ ನಡೆದ ಸಂಗತಿಯೊಂದು ನನ್ನನ್ನು ಈ ಗೊಡವೆಗೆ ಎಳೆಯಿತು.

ನನ್ನ ಸೋದರಮಾವ ಹಳ್ಳಿಯ ಪ್ರೌಢಶಾಲೆಯ ಉಪಾಧ್ಯಾಯರು; ಸಣಕಲು ದೇಹ, ದಿನಕ್ಕೆ ಎಂಟು ಮೈಲಿ ಸೈಕಲ್ ಸವಾರಿ. ಅವರಿಗೆ 39ನೆಯ ವಯಸ್ಸಿನಲ್ಲಿ ಮಧುಮೇಹವೆಂದಾಯಿತು. ಮಾತ್ರೆ ಕೊಟ್ಟರು. ಆರು ತಿಂಗಳು ಕಳೆಯುವಷ್ಟರಲ್ಲಿ ಎರಡನೆಯ ಮಾತ್ರೆ, ವರ್ಷ ತುಂಬುವುದರೊಳಗೆ ಮೂರನೆಯದು. ಸಕ್ಕರೆ ಇಳಿಯಲಿಲ್ಲ, ಮೈ ಮಾತ್ರ ಇಳಿಯುತ್ತಾ ಹೋಯಿತು. 'ಪಥ್ಯ ಸರಿಯಾಗಿಲ್ಲ' ಎಂದರು ವೈದ್ಯರು. ಅಲ್ಲಿಂದ ಮುಂದೆ ಮನೆಯೇ ನ್ಯಾಯಾಲಯವಾಯಿತು. ಅತ್ತೆ ಬೆಲ್ಲದ ಡಬ್ಬಿಗೆ ಬೀಗ ಹಾಕಿದರು. ಮದುವೆಮನೆಯಲ್ಲಿ ಮಾವ ಹೋಳಿಗೆ ಬೇಡವೆಂದರೆ, 'ಎದುರಿಗೆ ಬೇಡವೆನ್ನುತ್ತಾರೆ, ಹಿಂದೆ ತಿನ್ನುತ್ತಾರೆ' ಎಂದು ನಂಟರು ಕಣ್ಣು ಮಿಟುಕಿಸಿದರು. ನಾನೂ ಹಾಗೆಯೇ ತಿಳಿದಿದ್ದೆನೆಂದು ಒಪ್ಪಿಕೊಳ್ಳದೆ ವಿಧಿಯಿಲ್ಲ. ಕೊನೆಗೊಂದು ರಾತ್ರಿ ವಾಂತಿಯೂ ಏದುಸಿರೂ ಹತ್ತಿ, ಪ್ರಜ್ಞೆ ತಪ್ಪುವ ಸ್ಥಿತಿಯಲ್ಲಿ ಅವರನ್ನು ಪಟ್ಟಣಕ್ಕೆ ಹೊತ್ತೊಯ್ದೆವು. ಇನ್ಸುಲಿನ್ ಇಲ್ಲದೆ ರಕ್ತದಲ್ಲಿ ಕೀಟೋನುಗಳು ತುಂಬಿಕೊಂಡಿದ್ದವು. ಅಲ್ಲಿ ಮಾಡಿಸಿದ ಪರೀಕ್ಷೆಗಳಿಂದ ಅವರದು ಒಂದನೆಯ ಬಗೆಯ ಮಧುಮೇಹವೆಂದು ಗೊತ್ತಾಯಿತು. ಎರಡು ವರ್ಷ ಅವರ ಮೇಲೆ ಹೊರಿಸಿದ ಅಪವಾದ ಒಂದು ಕಾಗದದ ಚೂರಿನಿಂದ ಬಿದ್ದುಹೋಯಿತು.

ಭೇದವನ್ನು ಹೀಗೆ ತಿಳಿಯಬಹುದು. ಎರಡನೆಯ ಬಗೆಯಲ್ಲಿ ಕೆರೆಯಲ್ಲಿ ನೀರುಂಟು, ಆದರೆ ಗದ್ದೆ ಕುಡಿಯದು. ಇನ್ಸುಲಿನ್ ಸುರಿದರೂ ದೇಹ ಅದಕ್ಕೆ ಸರಿಯಾಗಿ ಓಗೊಡದು. ಬರಬರುತ್ತ ಕೆರೆಯೂ ಸೊರಗುತ್ತದೆ. ಒಂದನೆಯದರಲ್ಲಿ ಕೆರೆಗೇ ಕುತ್ತು. ದೇಹದ ರಕ್ಷಣಾವ್ಯವಸ್ಥೆಯೇ ದಾರಿ ತಪ್ಪಿ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಕಣಗಳನ್ನು ಕೊಲ್ಲುತ್ತದೆ. ಮಕ್ಕಳಲ್ಲಿ ಇದು ಸಾಮಾನ್ಯವಾಗಿ ವಾರಗಳಲ್ಲಿ ಬಯಲಾಗುತ್ತದೆ. ವಯಸ್ಕರಲ್ಲಿ ಎಷ್ಟೋ ವೇಳೆ ನಿಧಾನವಾಗಿ, ತಿಂಗಳುಗಳು, ವರ್ಷಗಳ ಕಾಲ, ಎರಡನೆಯ ಬಗೆಯ ವೇಷ ಹಾಕಿಕೊಂಡೇ ನಡೆಯುತ್ತದೆ. ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಪರೀಕ್ಷೆ ಈ ವೇಷವನ್ನು ಕಳಚಲಾರದು. ಅದು ಎಷ್ಟು ಎಂಬುದನ್ನು ಹೇಳುತ್ತದೆ, ಏಕೆ ಎಂಬುದನ್ನಲ್ಲ.

ಎರಡು ಬಗೆಯುಂಟೆಂಬುದು ಹೊಸ ಮಾತೇನಲ್ಲ. ಹುಟ್ಟಿನಿಂದ ಬರುವ ಪ್ರಮೇಹದವನು ಕೃಶ, ಅಪಥ್ಯದಿಂದ ಬರುವ ಪ್ರಮೇಹದವನು ಸ್ಥೂಲ ಎಂದು ಸುಶ್ರುತ ಸಂಹಿತೆ ವಿಂಗಡಿಸಿದೆ. ಇಂಗ್ಲೆಂಡಿನ ಹಿಮ್ಸ್‌ವರ್ತ್ 1936ರಲ್ಲಿ, ಇನ್ಸುಲಿನ್‌ಗೆ ಓಗೊಡುವವರು, ಓಗೊಡದವರು ಎಂದು ಮಧುಮೇಹಿಗಳನ್ನು ಪ್ರಯೋಗದಿಂದಲೇ ಬೇರ್ಪಡಿಸಿ ತೋರಿಸಿದರು. ಆಮೇಲೂ ಬಹುಕಾಲ ಚಿಕ್ಕವರದು ಒಂದು, ದೊಡ್ಡವರದು ಇನ್ನೊಂದು ಎಂಬ ವಾಡಿಕೆ ಉಳಿಯಿತು. ಈ ವಾಡಿಕೆಯೇ ಇಂದಿಗೂ ಮೋಸ ಮಾಡುತ್ತಿದೆ. ಬ್ರಿಟನ್ನಿನ ಬಯೋಬ್ಯಾಂಕಿನ ಮಾಹಿತಿಯಿಂದ 2018ರಲ್ಲಿ ಹೊರಬಂದ ಅಧ್ಯಯನದಲ್ಲಿ, 60 ವರ್ಷದೊಳಗೆ ಒಂದನೆಯ ಬಗೆ ತಲೆದೋರಿದವರ ಪೈಕಿ 100ಕ್ಕೆ 42 ಮಂದಿಗೆ ಅದು ಬಂದದ್ದು 30 ದಾಟಿದ ಮೇಲೆ. ಅದೇ ದೇಶದಲ್ಲಿ ಮುಂದೆ ಪ್ರಧಾನಿಯಾದ ಥೆರೇಸಾ ಮೇ ಅವರಿಗೆ 2012ರಲ್ಲಿ, 56ನೆಯ ವಯಸ್ಸಿನಲ್ಲಿ, ಮೊದಲು ಎರಡನೆಯ ಬಗೆಯೆಂದೇ ಹೇಳಿ ಮಾತ್ರೆ ಕೊಟ್ಟಿದ್ದರು. ಮಾತ್ರೆ ನಾಟದೆ ಮತ್ತೆ ಪರೀಕ್ಷಿಸಿದಾಗ ಒಂದನೆಯದೆಂದು ತಿಳಿಯಿತು. ದೇಶದ ಗೃಹಮಂತ್ರಿಣಿಗೇ ಹೀಗಾದರೆ ಹಳ್ಳಿಯ ಮೇಷ್ಟರ ಪಾಡೇನು!

ಹಾಗಾದರೆ ಮಧುಮೇಹಿಗಳೆಲ್ಲರನ್ನೂ ಪರೀಕ್ಷೆಗೆ ಒಡ್ಡಬೇಕೆ? ಕೂಡದು ಎಂಬುದೇ ನನ್ನ ಅಭಿಪ್ರಾಯ. ಮೇಲಿನ ಅಧ್ಯಯನದಲ್ಲಿಯೇ 30 ದಾಟಿ ಮಧುಮೇಹ ಬಂದ 100 ಮಂದಿಯಲ್ಲಿ ಒಂದನೆಯ ಬಗೆಯವರು ಕೇವಲ 4. ಇಷ್ಟು ವಿರಳವಾದುದನ್ನು ಎಲ್ಲರಲ್ಲೂ ಹುಡುಕಹೊರಟರೆ ಇಲ್ಲದವರಿಗೂ ಉಂಟೆಂಬ ಸುಳ್ಳು ಉತ್ತರಗಳು ಹೆಚ್ಚುತ್ತವೆ. ಬಡವನ ಹಣವೂ ಪೋಲು. ಸಂದೇಹಕ್ಕೆ ಕಾರಣವುಳ್ಳವರನ್ನು ಆರಿಸಬೇಕು: ಎಳೆಯ ವಯಸ್ಸು, ಕಾರಣವಿಲ್ಲದೆ ಇಳಿಯುವ ತೂಕ, ಬೇಗನೆ ಸೋಲುವ ಮಾತ್ರೆ, ತನ್ನಲ್ಲಾಗಲಿ ಮನೆತನದಲ್ಲಾಗಲಿ ಥೈರಾಯ್ಡಿನಂಥ ಸ್ವರಕ್ಷಣಾದೋಷದ ರೋಗ. ಸಣಕಲು ಮೈಯೊಂದನ್ನೇ ನಂಬುವಂತಿಲ್ಲ. ನಮ್ಮ ದೇಶದಲ್ಲಿ ಸಣ್ಣಗಿರುವವರಿಗೂ ಎರಡನೆಯ ಬಗೆ ಧಾರಾಳವಾಗಿ ಬರುತ್ತದೆ. ಅಪೌಷ್ಟಿಕತೆಯಿಂದ ಬರುವ ಮಧುಮೇಹಕ್ಕೆ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು 2025ರಲ್ಲಿ ಐದನೆಯ ಬಗೆಯೆಂಬ ಪ್ರತ್ಯೇಕ ಹೆಸರನ್ನೇ ಒಪ್ಪಿತು. ಸುಶ್ರುತನ ಕೃಶ-ಸ್ಥೂಲ ಲೆಕ್ಕ ಇಲ್ಲಿ ಸಾಲದು.

ಪರೀಕ್ಷೆಗಳು ಮುಖ್ಯವಾಗಿ ಎರಡು. ರಕ್ತದಲ್ಲಿ ಜಿ.ಎ.ಡಿ. ಎಂಬ ಪ್ರತಿಕಾಯವನ್ನು ಹುಡುಕುವುದು ಮೊದಲನೆಯದು. ಸಂದೇಹವಿದ್ದು ಅದು ಸಿಕ್ಕಿದರೆ ಬಹುಮಟ್ಟಿಗೆ ಒಂದನೆಯ ಬಗೆ. ಸಿಗದಿದ್ದರೂ ಅಲ್ಲವೆಂದು ಆಣೆಯಿಡುವಂತಿಲ್ಲ. ಕೆಲವರಲ್ಲಿ ಯಾವ ಪ್ರತಿಕಾಯವೂ ಕಾಣದು. ಎರಡನೆಯದು ಸಿ-ಪೆಪ್ಟೈಡ್. ದೇಹ ಇನ್ಸುಲಿನ್ ತಯಾರಿಸುವಾಗ ಜೊತೆಯಲ್ಲಿಯೇ ಬೇರ್ಪಡುವ ತುಣುಕು ಅದು. ಚುಚ್ಚಿಸಿಕೊಂಡ ಇನ್ಸುಲಿನ್‌ನಲ್ಲಿ ಇಲ್ಲ. ಆದ್ದರಿಂದ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿಯೂ ಸ್ವಂತ ಉತ್ಪತ್ತಿ ಎಷ್ಟಿದೆಯೆಂದು ಅಳೆಯಬಹುದು. ರೋಗ ಹೊಸದಾಗಿದ್ದಾಗ ಇದು ಇನ್ನೂ ಹೆಚ್ಚಾಗಿಯೇ ಇದ್ದು ದಾರಿ ತಪ್ಪಿಸಬಹುದು. ಕೆಲವು ವರ್ಷ ಕಳೆದ ಮೇಲೆ ಅದರ ಮಾತು ಹೆಚ್ಚು ನಂಬಿಕೆಗೆ ಅರ್ಹ.

ಹೆಸರು ಯಾವುದಾದರೇನು, ಸಕ್ಕರೆ ಇಳಿಸಿದರಾಯಿತಲ್ಲ ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಮೂತ್ರದಲ್ಲಿ ಸಕ್ಕರೆಯನ್ನು ಹೊರಹಾಕಿಸುವ ಕೆಲವು ಹೊಸ ಮಾತ್ರೆಗಳು ಎರಡನೆಯ ಬಗೆಯವರ ಹೃದಯಕ್ಕೂ ಮೂತ್ರಪಿಂಡಕ್ಕೂ ಉಪಕಾರಿ. ಅವೇ ಒಂದನೆಯ ಬಗೆಯವರಲ್ಲಿ ಕೀಟೋನಿನ ಅಪಾಯವನ್ನು ಹೆಚ್ಚಿಸುತ್ತವೆ. ಅಲ್ಲದೆ, ತಪ್ಪು ರೋಗಿಯದೋ ರೋಗದ್ದೋ ಎಂಬುದು ಹೆಂಡತಿ ಮಕ್ಕಳ ಕಣ್ಣಿನಲ್ಲಿ ಮನುಷ್ಯನ ಮಾನದ ಪ್ರಶ್ನೆ. ಎರಡನೆಯ ಬಗೆಯವರಾದರೂ ಬರಿಯ ನಾಲಗೆಯ ಚಾಪಲ್ಯದಿಂದ ಕಾಯಿಲೆ ತಂದುಕೊಂಡವರಲ್ಲವೆಂಬುದನ್ನೂ ಇಲ್ಲಿ ಹೇಳಬೇಕು.

ಈ ಪರೀಕ್ಷೆಗಳು ಪಟ್ಟಣದ ಖಾಸಗಿ ಪ್ರಯೋಗಾಲಯಗಳಲ್ಲಿ ದೊರೆಯುತ್ತವೆ. ಆದರೆ ದಿನಗೂಲಿಯವನಿಗೆ ಅವು ಹಲವು ದಿನಗಳ ಸಂಪಾದನೆ. ಜಿಲ್ಲಾ ಆಸ್ಪತ್ರೆಗಳಲ್ಲಿ, ವೈದ್ಯರು ಬರೆದುಕೊಟ್ಟವರಿಗಾದರೂ, ಅವು ಖರ್ಚಿಲ್ಲದೆ ದೊರೆಯಬೇಕು. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಒಂದೇ. ಮನೆಯವರ ಮಾತ್ರೆ ಮೇಲಿಂದ ಮೇಲೆ ಸೋಲುತ್ತಿದ್ದರೆ, ಮುಂದಿನ ಸಲ ಚೀಟಿ ಹಿಡಿದು ವೈದ್ಯರ ಮುಂದೆ ಕುಳಿತಾಗ 'ಇದು ಯಾವ ಬಗೆಯದು, ಹೇಗೆ ತಿಳಿಯಿತು?' ಎಂದು ವಿನಯದಿಂದ ಕೇಳುವುದು.