ಬೆಕ್ಕಿನ ಮಧುಮೇಹವೂ ಮನೆಯಲ್ಲಿ ರಕ್ತಪರೀಕ್ಷೆಯೂ

ಬೆಕ್ಕಿಗೂ ಮಧುಮೇಹವೇ ಎಂದು ನಗುವ ಮಹನೀಯರುಂಟು. ಕೃಷಿ ಇಲಾಖೆಯವನಿಗೆ ಬೆಕ್ಕಿನ ಗೊಡವೆಯೇಕೆಂದು ಕೇಳುವವರೂ ಉಂಟು. ರಾಗಿಯ ಕಣಜವನ್ನೂ ಬಿತ್ತನೆಯ ಬೀಜವನ್ನೂ ಇಲಿಗಳಿಂದ ಕಾಯ್ದ ಪ್ರಾಣಿಯು, ವಯಸ್ಸಾಗಿ ಹಾಲನ್ನದಿಂದ ಕೊಬ್ಬಿ ಕುಳಿತ ಕಾಲಕ್ಕೆ ಈ ವ್ಯಾಧಿಗೆ ಗುರಿಯಾಗುವುದುಂಟಾದುದರಿಂದ, ಗ್ರಾಮದ ಹಿರಿಯರೂ ಭೂಮಾಲೀಕರೂ ಇದಕ್ಕೆ ಲಕ್ಷ್ಯ ಕೊಡಬೇಕೆಂದು ಅರಿಕೆ. ನಾನು ಪಶುವೈದ್ಯನಲ್ಲ, ಚಿಕಿತ್ಸೆಯನ್ನು ವಿಧಿಸುವುದು ವೈದ್ಯರ ಕೆಲಸ. ರಕ್ತದ ಸಕ್ಕರೆಯನ್ನು ಎಲ್ಲಿ ಅಳೆಯಬೇಕೆಂಬ ಒಂದು ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯವನ್ನು ತಿಳಿಸುವೆನು.

ವ್ಯಾಧಿ ತಗುಲಿದ ಬೆಕ್ಕು ಹೆಚ್ಚಾಗಿ ನೀರು ಕುಡಿಯುವುದು. ಪದೇ ಪದೇ ಮೂತ್ರ ಮಾಡುವುದು. ಚೆನ್ನಾಗಿ ತಿಂದರೂ ಬಡಕಲಾಗುವುದು. ಕೆಲವು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೂರಿ ನಡೆಯುವುವು. ಮೂತ್ರಕ್ಕೆ ಇರುವೆ ಮುತ್ತುವುದನ್ನು ನೋಡಿ ತಿಳಿಯೋಣವೆಂದು ಕಾಯತಕ್ಕದ್ದಲ್ಲ. ಮನುಷ್ಯರಲ್ಲಿ ರಕ್ತದ ಸಕ್ಕರೆಯು ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ಮೀರಿದರೆ ಮೂತ್ರಕ್ಕೆ ಇಳಿಯುವುದು. ಬೆಕ್ಕಿನಲ್ಲಿ ಸುಮಾರು 270 ಮೀರಬೇಕು. ಅದೂ ಅಲ್ಲದೆ ಬೆಕ್ಕು ತನ್ನ ಮೂತ್ರವನ್ನು ತಾನೇ ಮಣ್ಣಿನಿಂದ ಮುಚ್ಚುವ ಪ್ರಾಣಿಯಷ್ಟೆ. ಆದುದರಿಂದ ರಕ್ತಪರೀಕ್ಷೆಯೇ ಗತಿ.

ತೊಡಕಿರುವುದು ಆ ಪರೀಕ್ಷೆಯಲ್ಲಿಯೇ. ಆರೋಗ್ಯವಾದ ಬೆಕ್ಕಿನ ರಕ್ತದಲ್ಲಿ ಸಕ್ಕರೆಯು ಸುಮಾರು 80 ರಿಂದ 120 ಇರುವುದು. ಹೆದರಿದ ಬೆಕ್ಕಿನಲ್ಲಾದರೋ, ರೋಗವಿಲ್ಲದಿದ್ದರೂ, ಅದು 300 ರವರೆಗೆ ಏರಬಹುದು. ಮಾರಿಕುಪ್ಪಂನಲ್ಲಿ ಬುಟ್ಟಿಯೊಳಗೆ ಕೂಡಿ, ರೈಲಿನಲ್ಲಿ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಒಯ್ದು, ಅಲ್ಲಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಮುಟ್ಟಿಸಿದ ಬೆಕ್ಕು ಹೆದರದೆ ಇರುವುದೆಂತು? ಬಂಗಾರಪೇಟೆಯ ಸಮೀಪದ ರೈತರೊಬ್ಬರ ಬೆಕ್ಕಿಗೆ ಇನ್ಸುಲಿನ್ ನಡೆಯುತ್ತಿತ್ತು. ಆಸ್ಪತ್ರೆಯಲ್ಲಿ ಅಳೆದಾಗ 310 ತೋರಿತು. ವಿವೇಕಿಗಳಾದ ವೈದ್ಯರು ಔಷಧವನ್ನು ಏರಿಸದೆ, ಎರಡು ದಿವಸ ಮನೆಯಲ್ಲಿ ಅಳೆದು ಬರೆದು ತರುವಂತೆ ತಿಳಿಸಿದರು. ಮನೆಯಲ್ಲಿ ಅದು 140 ನ್ನು ಮೀರಲಿಲ್ಲ. ಆ ದಿವಸವೇ ಪ್ರಮಾಣವನ್ನು ಏರಿಸಿದ್ದರೆ ಆ ಬೆಕ್ಕು ಉಳಿಯುತ್ತಿತ್ತೋ ಇಲ್ಲವೋ.

2001 ರಲ್ಲಿ ಮುಚ್ಚಿದ ಚಿನ್ನದ ಗಣಿಯ ಊರುಗಳಲ್ಲಿಯೂ ನಮ್ಮ ಹಳ್ಳಿಗಳಲ್ಲಿಯೂ, ಹಿರಿಯರಿಗಾಗಿ ಕೊಂಡ ಗ್ಲೂಕೋಮೀಟರು ಅನೇಕ ಮನೆಗಳಲ್ಲಿ ಉಂಟು. ಬೆಕ್ಕಿನ ಕಿವಿಯನ್ನು ಬೆಚ್ಚಗಿನ ಬಟ್ಟೆಯಿಂದ ಒತ್ತಿ, ಅಂಚಿನಲ್ಲಿ ಹೊಸ ಸೂಜಿಯಿಂದ ಚುಚ್ಚಿದರೆ ಒಂದು ತೊಟ್ಟು ರಕ್ತ ಸಾಕು. ಮನುಷ್ಯರ ಮೀಟರು ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಇದ್ದುದಕ್ಕಿಂತ ಕಡಮೆ ತೋರಿಸುವುದು. ಯಾವ ಮೀಟರೆಂಬುದನ್ನು ವೈದ್ಯರಿಗೆ ಹೇಳಿದರೆ ಅವರು ಅದನ್ನು ಗಣನೆಗೆ ತಂದುಕೊಳ್ಳುವರು. ಇನ್ಸುಲಿನ್ ಕೊಡುವುದಕ್ಕೆ ಮುಂಚೆ ಒಂದು ಸಲವೂ, ವೈದ್ಯರು ಹೇಳಿದ ದಿವಸ ಎರಡು ಗಂಟೆಗೊಂದು ಸಲದಂತೆ ಹನ್ನೆರಡು ಗಂಟೆಗಳವರೆಗೂ ಅಳೆದು, ವೇಳೆಯೊಡನೆ ಬರೆದಿಡತಕ್ಕದ್ದು. ಸಕ್ಕರೆಯು ಅತಿ ಕೆಳಗಿಳಿಯುವ ಹೊತ್ತು ಯಾವುದೆಂಬುದು ಇದರಿಂದಲೇ ಗೊತ್ತಾಗುವುದು. ಆಸ್ಪತ್ರೆಯ ಒಂದು ಅಳತೆಯಿಂದ ಇದು ತಿಳಿಯುವುದು ಸಾಧ್ಯವಿಲ್ಲ.

ಮನೆಯ ಮೀಟರನ್ನು ಉಪಯೋಗಿಸಿರೆಂದ ಮಾತ್ರಕ್ಕೆ, ಮನೆಯವರ ಮಾತ್ರೆಯನ್ನೋ ಸಿರಿಂಜನ್ನೋ ಬೆಕ್ಕಿಗೆ ಉಪಯೋಗಿಸಬಹುದೆಂದು ಯಾರೂ ತಿಳಿಯಬಾರದು. ಇನ್ಸುಲಿನ್ನು ಮಿಲಿಲೀಟರಿಗೆ 40 ಯೂನಿಟ್ಟಿನದೂ ಉಂಟು, 100 ಯೂನಿಟ್ಟಿನದೂ ಉಂಟು. 100 ರ ಔಷಧವನ್ನು 40 ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಾಲು ಹೆಚ್ಚಿನ ಲೆಕ್ಕದಲ್ಲಿ ಮೈಗೆ ಸೇರುವುದು. ನಾಲ್ಕು ಕಿಲೋ ತೂಕದ ಪ್ರಾಣಿಗೆ ಇದು ಪ್ರಾಣಾಂತಿಕ. ಸಕ್ಕರೆ 60 ಕ್ಕಿಂತ ಇಳಿದರೆ, ಅಥವಾ ಬೆಕ್ಕು ತೂರಾಡಿದರೆ, ಕೂಡಲೆ ತಿನ್ನಲು ಕೊಡಬೇಕು. ತಿನ್ನದಿದ್ದರೆ ಜೇನುತುಪ್ಪವನ್ನು ವಸಡಿಗೆ ಸವರಿ ವೈದ್ಯರಲ್ಲಿಗೆ ಒಯ್ಯಬೇಕು.

ಬೆಕ್ಕು ಮಾಂಸಾಹಾರಿ. ಅನ್ನವನ್ನು ಕಡಮೆ ಮಾಡಿ ಮೀನು ಮಾಂಸಗಳನ್ನು ಹೆಚ್ಚಿಸಿ, ಬೇಗನೆ ಚಿಕಿತ್ಸೆ ತೊಡಗಿದರೆ, ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡವಾಗುವುದುಂಟು. ಹೀಗೆ ಆಹಾರವನ್ನು ಬದಲಿಸುವ ವಾರಗಳಲ್ಲಿಯೇ ಹಳೆಯ ಪ್ರಮಾಣದ ಔಷಧವು ಅತಿಯಾಗುವ ಸಂಭವವಿರುವುದರಿಂದ, ವೈದ್ಯರಿಗೆ ತಿಳಿಸಿಯೇ ಬದಲಿಸಿ, ಆ ವಾರಗಳಲ್ಲಿ ಪ್ರತಿದಿನವೂ ಅಳೆಯತಕ್ಕದ್ದು.